ಪಂಗತಿ ಏಳುವ ತನಕ

ರೇಖಾ, ನಿನಗೆ ಇಂಟರ್‌ನೆಟ್ ಕಂಪನಿಯಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ ಸಿಕ್ಕ ದಿನ ಎಲ್ಲರ ಮುಂದೆ ನನ್ನನ್ನು ಕೇಳಿದೆ: "ಆಯಿ, ನೀನೂ ಇದ ಕೆಲಸ ಮಾಡೀಯಲ್ಲಾ, ಹ್ಯಾಂಗಿತ್ತದು?"

ನಾನು "ಛಲೋ ಇತ್ತವಾ" ಎಂದು ಚಹಾ ಇಡುವ ನೆಪದಲ್ಲಿ ಒಳಗೆ ಹೋದೆ. ನಾಲ್ಕು ಜನ ಕೂತಲ್ಲಿ ನನ್ನ ಬಾಯಿ ಈಗಲೂ ಏಳುವುದಿಲ್ಲ. ಹಾಗಾಗಿ ಬರೆದು ಕೊಡುತ್ತಿದ್ದೇನೆ. ನಿನ್ನ ತಮ್ಮಂದಿರೂ ಓದಲಿ. ಖಾನಾಪುರ ತಾಲೂಕಿನ ಒಂದು ಹಳ್ಳಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳ ಬರಹ ಇದು. ನನಗೆ ಪಗಾರ ಯಾವಾಗ ಏರಿತು, ಕುರ್ಚಿ ಯಾವಾಗ ಬದಲಾಯಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ನಿನಗೆ ಏನೂ ತಿಳಿಯುವುದಿಲ್ಲ. ನಾನು ಕಂಡ ಮನೆಗಳನ್ನು, ಅಲ್ಲಿಯ ಜನರನ್ನು ಬರೆಯುತ್ತೇನೆ.

ನಿಮ್ಮ ಅಜ್ಜ, ಅಂದರೆ ನಮ್ಮ ಯಜಮಾನರು, ಬೆಳಗಾವಿಯಲ್ಲಿ ಸಾವಂತ ಸಾಹೇಬರ ಹತ್ತಿರ ಟಿವಿ ಕೇಬಲ್ ಎಳೆಯುವ ಕೆಲಸದಲ್ಲಿದ್ದರು. ಅವರು ಜ್ವರದಲ್ಲಿ ತೀರಿಕೊಂಡ ಮೇಲೆ ಸಾಹೇಬರು ಮನೆಗೆ ಬಂದರು. ಅವರದು ಅರ್ಧ ಮರಾಠಿ, ಅರ್ಧ ಕನ್ನಡ, ಅತ್ತಿಗೆಗೆ ವಹಿನೀ ಎನ್ನುವವರು. "ವಹಿನೀ, ಆಫೀಸಿನ್ಯಾಗ ಫೋನು ಹೊಡಕೊಂತ ಇರತೈತಿ, ಎತ್ತವ್ರು ಯಾರೂ ಇಲ್ಲ. ನೀವು ಬರ್ರಿ" ಎಂದರು. ಆಗಷ್ಟೇ ಅವರು ಟಿವಿ ಕೇಬಲ್ಲಿನ ಜೊತೆಗೆ ಇಂಟರ್‌ನೆಟ್ ಕೊಡುವುದನ್ನೂ ಶುರು ಮಾಡಿದ್ದರು. ಹುಬ್ಬಳ್ಳಿಯ ಒಂದು ದೊಡ್ಡ ಕಂಪನಿಯಿಂದ ಸಗಟಾಗಿ ತರುವುದು, ಬೆಳಗಾವಿಯ ಓಣಿಗಳಿಗೆ ಚಿಲ್ಲರೆಯಾಗಿ ಹಂಚುವುದು. ಈ ಶತಮಾನ ಹುಟ್ಟಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ ಅದು.

ಮೊದಮೊದಲು ನಾನು ಫೋನ್ ಎತ್ತಿ ಸುಮ್ಮನೆ ಕಿವಿಗೆ ಹಿಡಿದು ನಿಲ್ಲುತ್ತಿದ್ದೆ. ಆ ಕಡೆಯವರು, "ಹಲೋ, ಯಾರರೆ ಅದೀರೇನ್ರಿ?" ಎಂದು ಕೂಗಿದರೆ, "ಅದೀನ್ರಿ" ಎನ್ನುತ್ತಿದ್ದೆ. ಅಷ್ಟೇ. ತಂತಿ, ಡಬ್ಬಿ, ಕಂಪ್ಯೂಟರ್ ಎಲ್ಲ ನೋಡಿಕೊಳ್ಳುತ್ತಿದ್ದ ರಫೀಕ ನಕ್ಕು ನಕ್ಕು ಸುಸ್ತಾಗುತ್ತಿದ್ದ. "ಬಾಳಕ್ಕಾ, ಅದೀನಿ ಅಂದ್ರ ಸಾಲೂದಿಲ್ಲ. ಮುಂದ ಏನರೆ ಕೇಳಬೇಕು." ಮುಂದೆ ಏನು ಕೇಳಬೇಕೆಂದು ಅವನೇ ಕಲಿಸಿದ: ಡಬ್ಬಿಯ ಮೇಲಿನ ದೀಪ ಹಸಿರು ಇದೆಯೋ ಕೆಂಪು ಇದೆಯೋ ಎಂದು.

ದೀಪಕ್ಕಿಂತ ಮೊದಲು ನಾನು ಕಲಿತದ್ದು ಆಕಾಶ ನೋಡುವುದನ್ನು. ಖಾನಾಪುರಕ್ಕೆ ನಮ್ಮ ಲೈನು ತಂತಿಯ ಮೇಲೆ ಹೋಗುತ್ತಿರಲಿಲ್ಲ. ಇಲ್ಲೊಂದು ತಟ್ಟೆಯಂಥ ಆಂಟೆನಾ, ಅಲ್ಲೊಂದು ತಟ್ಟೆ, ನಡುವೆ ಬರೀ ಗಾಳಿ. ಜಾಂಬೋಟಿ ಕಾಡಿನ ಕಡೆ ಮೋಡ ಕಪ್ಪಾದರೆ, ಮಳೆ ಇನ್ನೂ ಬೆಳಗಾವಿಗೆ ಬಂದಿರದಿದ್ದರೂ, ಖಾನಾಪುರದ ಫೋನುಗಳು ಹೊಡೆದುಕೊಳ್ಳಲು ಶುರುವಾಗುತ್ತಿದ್ದವು. ನಾನು ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು. ಮೋಡ ನೋಡಿ ಹಿಂಡು ತಿರುಗಿಸುವುದು ಗೊತ್ತಿತ್ತು. ಮೋಡ ನೋಡಿ ಫೋನಿನ ಹತ್ತಿರ ಸರಿದು ಕೂಡುವುದನ್ನು ಇಲ್ಲಿ ಕಲಿತೆ.

ಹೀಗೆ ಕೆಲವು ಕಾಲ ಕಳೆದ ಮೇಲೆ ನೋಟಿಸುಗಳು ಬರತೊಡಗಿದವು. ಪರದೇಶದ ಸಿನಿಮಾ ಕಂಪನಿಗಳು ಹುಬ್ಬಳ್ಳಿಯ ದೊಡ್ಡ ಕಂಪನಿಗೆ ಬರೆಯುತ್ತಿದ್ದವು: ನಿಮ್ಮ ಗಿರಾಕಿ ನಮ್ಮ ಸಿನಿಮಾ ಕದಿಯುತ್ತಿದ್ದಾನೆ, ತಡೆಯಿರಿ. ಹುಬ್ಬಳ್ಳಿಯವರು ಅದನ್ನು ನಮಗೆ ದಾಟಿಸುತ್ತಿದ್ದರು. ರಫೀಕ ಅದರ ಮೇಲಿನ ಅಂಕಿ ನೋಡಿ ಯಾವ ಮನೆ ಎಂದು ಪತ್ತೆ ಹಚ್ಚುತ್ತಿದ್ದ. ಆ ಮನೆಗೆ ಹೋಗಿ ಹೇಳುವುದು ಯಾರು? ಮೊದಲು ರಫೀಕ ಹೋದ. ನೇಕಾರರ ಓಣಿ ವಡಗಾವಿಯ ಒಂದು ಮನೆಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ಎದ್ದು ನಿಂತರು. ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದ. ಸಾವಂತ ಸಾಹೇಬರು ಯೋಚಿಸಿ, "ಹೆಣ್ಮಗಳು ಹೋದರ ಯಾರೂ ಎದ್ದು ನಿಂದ್ರೂದಿಲ್ಲ. ವಹಿನೀ, ನೀವ ಹೋಗ್ರಿ" ಎಂದರು. ಮಾತಾಡಲು ಬಾರದವಳಿಗೆ ಮಾತಾಡುವ ಕೆಲಸವೇ ಗಂಟು ಬಿತ್ತು.

ನನ್ನ ಮೊದಲ ಮನೆ ಶಹಾಪುರದಲ್ಲಿತ್ತು. ಬಾಗಿಲಲ್ಲಿ ಒಬ್ಬ ಮುದುಕಿ ಸಾಬೂದಾಣಿ ಸಂಡಿಗೆ ಒಣಗಿಸುತ್ತಿದ್ದಳು. ನಾನು ಬಸ್ಸಿನ ತುಂಬ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ: "ನಿಮ್ಮ ಮನ್ಯಾಗ ಕಳವು ಆಗೇತ್ರಿ." ಮುದುಕಿ ಸಂಡಿಗೆ ಅಲ್ಲೇ ಬಿಟ್ಟು ಒಳಗೆ ಓಡಿ ತಿಜೋರಿ ತೆಗೆದಳು. ಸೊಸೆ ತಾಟು, ಚರಿಗೆ ಎಣಿಸತೊಡಗಿದಳು. ಬಾಜು ಮನೆಯವರು ಬಂದರು. ಯಾರೋ ಹಿತ್ತಲು ಹುಡುಕಿದರು. ಎಲ್ಲ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ಮುದುಕಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ಏನ ಹೋಗೇತಿ ಅಂತ ಹೇಳಬೇ!" ಎಂದಳು. "ಏನೂ ಹೋಗಿಲ್ರಿ. ಬಂದೈತ್ರಿ" ಎಂದೆ. "ಬಂದಿದ್ದನ್ನ ಕಳವು ಅಂತೀಯಲ್ಲ, ನಿನ್ನ ತಲಿ ನೆಟ್ಟಗೈತಿಲ್ಲೋ?"

ಅವತ್ತಿನಿಂದ ನಾನು ಕಳವು ಎಂಬ ಮಾತನ್ನೇ ಬಿಟ್ಟೆ. ಹೋದ ಕೂಡಲೇ ನೀರು ಕೇಳುವುದು. ನೀರು ಕೊಟ್ಟ ಮನೆಯವರು ಬೈಯುವುದಿಲ್ಲ. ಆಮೇಲೆ ಕೂಡುವುದು. ಮಗ್ಗವೋ ಮಕ್ಕಳೋ, ಕಣ್ಣಿಗೆ ಬಿದ್ದದ್ದರ ಬಗ್ಗೆ ಮಾತು. ಚಹಾ ಅರ್ಧ ಆದ ಮೇಲೆ, ಕಂಪ್ಯೂಟರ್ ಯಾರು ನೋಡುತ್ತಾರೆ ಎಂದು ಕೇಳುವುದು. ಹಿರಿಯರ ಮುಂದೆ ಕಾಗದ ತೆಗೆಯದಿರುವುದು. ನಿನ್ನ ಕಂಪನಿಯಲ್ಲಿ ಇದನ್ನೆಲ್ಲ ಬೇರೆ ಹೆಸರಿಟ್ಟು ತರಬೇತಿಯಲ್ಲಿ ಹೇಳಿಕೊಡುತ್ತಾರಂತೆ.

ಆದರೆ ಆ ಮುದುಕಿಯ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮಪ್ಪನ ಹಿಂಡಿನಿಂದ ಕುರಿ ಕದ್ದರೆ ಹಿಂಡಿನಲ್ಲಿ ಒಂದು ಕುರಿ ಕಡಿಮೆ ಆಗುತ್ತಿತ್ತು. ಇಲ್ಲಿ ಕದ್ದ ಮೇಲೂ ಸಿನಿಮಾ ಇದ್ದಲ್ಲೇ ಇರುತ್ತದೆ. ರಫೀಕನನ್ನು ಕೇಳಿದೆ.

"ಕುರಿ ಅಲ್ಲೇ ಇರತೈತಿ ಅಕ್ಕಾ, ಅಂಥಾದ ಇನ್ನೊಂದು ಕುರಿ ಇಲ್ಲೆ ಹುಟ್ಟತೈತಿ."

"ಹಂಗಾರ ಯಾರಿಗಿ ಏನ ಲುಕ್ಸಾನು?"

"ಕುರಿ ಮಾರಿ ಬದುಕಾಂವ ಸಂತಿಗೆ ಹ್ವಾದ್ರ, ಎಲ್ಲಾರ ಮನ್ಯಾಗೂ ಆಗಲೇ ಕುರಿ ಇರತಾವಲ್ಲ."

ಅದು ಸರಿ ಅನ್ನಿಸಿತು. ಪೂರ್ತಿ ಸರಿ ಅನ್ನಿಸಲಿಲ್ಲ. ಯೋಚಿಸುತ್ತ ಉಳಿದೆ.

ಜನರಿಗೂ ಅವರವರದೇ ಲೆಕ್ಕವಿತ್ತು. ಕೋಟೆಯ ಹತ್ತಿರದ ಒಬ್ಬ ಪೆನ್ಶನ್‌ದಾರರು, "ನಳಕ್ಕ ಬಿಲ್ ತುಂಬತೇನಿ, ನಳದಾಗ ಬಂದ ನೀರು ನಂದು. ಇದೂ ಹಂಗ" ಎಂದು ಬಾಗಿಲು ಹಾಕಿದರು. ವಡಗಾವಿಯಲ್ಲಿ ಮಗ್ಗದ ಮುಂದೆ ಕೂತ ಹೆಂಗಸೊಬ್ಬಳು ನನ್ನ ಮಾತು ಮುಗಿಯುವ ತನಕ ಕೇಳಿ, ಲಾಳಿ ಕೈಯಲ್ಲಿ ಹಿಡಿದೇ ಕೇಳಿದಳು: "ಅಲ್ಲಬೇ, ನಿಮ್ಮ ಸಾಹೇಬ್ರು ಐತವಾರ ಮಧ್ಯಾಹ್ನ ಕೇಬಲ್‌ದಾಗ ಹೊಸಾ ಪಿಚ್ಚರ್ ಹಾಕ್ತಾರಲ್ಲ. ಅದನ್ನ ಮಾಡಿದವ್ರು ನಿಮ್ಮ ಸಾಹೇಬ್ರಿಗೆ ಬೀಗರೇನು?"

ನಾನು ಆಫೀಸಿಗೆ ಬಂದು ಸಾವಂತ ಸಾಹೇಬರಿಗೆ ಅದನ್ನು ಅವಳು ಹೇಳಿದಂತೆಯೇ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಕೇಬಲ್ ಬ್ಯಾರೆ ವಹಿನೀ, ನೆಟ್ ಬ್ಯಾರೆ" ಎಂದರು. ಆ ಐತವಾರ ಮಾತ್ರ ಹಳೆಯದೊಂದು ದೇವರ ಸಿನಿಮಾ ಹಾಕಿದರು. ಮುಂದೆ ಮತ್ತೆ ಹೊಸವೇ ಬಂದವು.

ಸಾಹೇಬರು ಕೆಟ್ಟವರಲ್ಲ, ಅವಸರದವರು. ಮೊದಲು ಲೈನು ಕಿತ್ತು, ಆಮೇಲೆ ಕಾರಣ ಕೇಳುವುದು ಅವರ ಪದ್ಧತಿ. "ಕಟ್ ಮಾಡಿದ್ರ ತಾವ ಫೋನ್ ಮಾಡ್ತಾರ" ಎನ್ನುತ್ತಿದ್ದರು. ಹಾಗೆ ಒಮ್ಮೆ ಶಹಾಪುರದ ಒಬ್ಬ ನಿವೃತ್ತ ಮಾಸ್ತರರ ಲೈನು ಕಿತ್ತರು. ಮಾಸ್ತರರಿಗೆ ಕಂಪ್ಯೂಟರಿನಲ್ಲಿ ಇಸ್ಪೀಟು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಹೋಗಿ ನೋಡಿದರೆ ಅವರ ಮಾಳಿಗೆಯಿಂದ ತಂತಿ ಬಾಜು ಮನೆಗೆ, ಅಲ್ಲಿಂದ ಅದರಾಚೆಯ ಮನೆಗೆ ಹೋಗಿತ್ತು. ಸಾರಿನ ಬಟ್ಟಲು ಗೋಡೆಯ ಮೇಲಿಂದ ದಾಟಿಸುವ ಹಾಗೆ ಲೈನು ದಾಟಿಸಿದ್ದರು. ಬಿಲ್ಲಿನ ಮೇಲೆ ಒಂದು ಹೆಸರು, ಒಳಗೆ ಇಡೀ ಓಣಿ. ಹೀಗಾಗಿ ನೋಟಿಸಿನಲ್ಲಿ ಮನೆ ಯಾವುದೆಂದು ಬರುತ್ತದೆ, ಮನುಷ್ಯ ಯಾರೆಂದು ಬರುವುದಿಲ್ಲ. ಮನುಷ್ಯನನ್ನು ಹುಡುಕಲು ಹೋಗಲೇಬೇಕು. ಇದನ್ನು ನೀನು ನೆನಪಿಡು.

ಈಗ ಖಾನಾಪುರದ ಮನೆಯ ವಿಷಯ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ.

ಆ ವರ್ಷ ಖಾನಾಪುರದ ಒಂದೇ ಮನೆಯ ಮೇಲೆ ನೋಟಿಸುಗಳು ಸುರಿಯತೊಡಗಿದವು. ಅದಕ್ಕಿಂತ ವಿಚಿತ್ರವೆಂದರೆ ಎಲ್ಲವೂ ಒಂದೇ ಸಿನಿಮಾದ ಮೇಲೆ. ಹಿಮದಲ್ಲಿ ನಾಯಿಗಳು ಗಾಡಿ ಎಳೆಯುವ ಯಾವುದೋ ಇಂಗ್ಲಿಷ್ ಸಿನಿಮಾ ಎಂದು ರಫೀಕ ಓದಿ ಹೇಳಿದ. ಬೇರೆ ಮನೆಗಳವರು ವಾರಕ್ಕೊಂದು ಬೇರೆ ಬೇರೆ ಸಿನಿಮಾ ನೆಟ್ಟಿನಿಂದ ಇಳಿಸುತ್ತಾರೆ. ಇವರು ಅದನ್ನೇ ಮತ್ತೆ ಮತ್ತೆ ಏಕೆ ಇಳಿಸುತ್ತಾರೆ? ಒಮ್ಮೆ ಬಂದ ಮೇಲೆ ಮನೆಯಲ್ಲೇ ಇರುತ್ತದಲ್ಲ?

"ಹುಚ್ಚ ಹಿಡದೈತಿ" ಎಂದ ರಫೀಕ.

ಹುಬ್ಬಳ್ಳಿಯವರು ಖಡಕ್ಕಾಗಿ ಹೇಳಿದರು: ಇನ್ನೊಂದು ನೋಟಿಸು ಬಂದರೆ ಆ ಮನೆಗೆ ಕಾಯಂ ಬಂದ್. ಸಾವಂತ ಸಾಹೇಬರು ಇನ್ನೊಂದಕ್ಕೆ ಕಾಯಲೂ ತಯಾರಿರಲಿಲ್ಲ. "ಇವತ್ತ ಕಟ್ ಮಾಡು" ಎಂದರು. ರಫೀಕ ತಲೆ ಕೆರೆದುಕೊಂಡ. "ಸಾಹೇಬ, ಆ ಮನ್ಯಾಗ ಗಂಗಾ ಅಂತ ಒಬ್ಬಾಕಿ ಅದಾಳ್ರಿ. ಕಾಲಿಗೆ ಪೋಲಿಯೊ ಆಗೇತಿ. ಮಚ್ಛೆ ಕಾರ್ಖಾನಿಗೆ ಮಶೀನಿನ ಚಿತ್ರಾ ತಗದು ಇದ ಲೈನ್ ಮ್ಯಾಲ ಕಳಸ್ತಾಳ. ಅದ ಆಕಿ ನೌಕರಿ."

ನನ್ನ ಬಾಯಿಂದ ಮಾತು ತಾನಾಗಿ ಬಂತು: "ನಾ ಒಮ್ಮಿ ನೋಡಿ ಬರ್ತೇನ್ರಿ." ಕರುಣೆಯಿಂದ ಹೋದೆ ಎಂದು ಬರೆದರೆ ಸುಳ್ಳಾದೀತು. ಆ ನಾಯಿಗಳ ಸಿನಿಮಾವನ್ನು ಅಷ್ಟು ಸಲ ಯಾರು ನೋಡುತ್ತಾರೆ ಎಂಬುದನ್ನು ನೋಡಬೇಕಾಗಿತ್ತು.

ಬಸ್ಸು ಮಚ್ಛೆಯ ಕಾರ್ಖಾನೆಗಳನ್ನು ದಾಟಿ ಹೋಯಿತು. ಪಾಳಿ ಬದಲಾಗುವ ಹೊತ್ತು. ಬಾಗಿಲಲ್ಲಿ ಜನ ಜೋತುಬಿದ್ದರು. ಖಾನಾಪುರದಲ್ಲಿ ಗಂಗಾಳ ಮನೆ ಹಂಚಿನ ಕಾರ್ಖಾನೆಗಳಿಗೆ ಹೋಗುವ ದಾರಿಯಲ್ಲಿತ್ತು. ಅಂಗಳದಲ್ಲಿ ಕೆಂಪು ಮಣ್ಣಿನ ಗುಡ್ಡೆ, ಗೋಡೆಯ ಗೂಡಿನಲ್ಲಿ ವಿಭೂತಿ ಉಂಡೆ. ಗಂಗಾ ಕಿಟಕಿಯ ಹತ್ತಿರ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕಾಲಿನ ಕಬ್ಬಿಣದ ಪಟ್ಟಿ ಬಿಚ್ಚಿ ಬಾಜು ಇಟ್ಟಿದ್ದಳು. ಪರದೆಯ ಮೇಲೆ ಹಲ್ಲಿನ ಚಕ್ರವೊಂದರ ಚಿತ್ರ.

ನೀರು ಕೇಳಿದೆ, ಕೂತೆ, ಚಹಾ ಅರ್ಧ ಆಯಿತು. ಹೇಳಿದೆ.

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಬಾಯಾರ, ನಾ ಅದನ್ನ ಒಂದ ಸಲ ಇಳಿಸೇನ್ರಿ. ಅದೂ ಅಪ್ಪಾಗ ನಾಯಿ ಅಂದ್ರ ಪ್ರೀತಿ ಅಂತ. ಎಲ್ಲಾರೂ ಇಳಸ್ತಾರ, ತಪ್ಪ ಅಂತ ಅನಿಸಲಿಲ್ಲ. ಖರೇ ಹೇಳ್ತೇನಿ, ಒಂದ ಸಲ."

"ನೋಟಿಸು ಭಾಳ ಬಂದಾವವಾ."

"ಲೈನ್ ಹೋದ್ರ ನನ್ನ ಕೆಲಸ ಹೋಗತೈತ್ರಿ. ಮೊದಲ ದಿನಾ ಮಚ್ಛೆಗೆ ಹೋಗ್ತಿದ್ನಿ. ಬಸ್ಸಿನ ಮೆಟ್ಟಲ ಮ್ಯಾಲಿಂದ ಬಿದ್ದೆ. ಆಮ್ಯಾಲ ಸಾಹೇಬ್ರು, ಲೈನ್ ಇರೂತನಕ ಮನ್ಯಾಗ ಮಾಡು, ಇಲ್ಲಾಂದ್ರ ಬ್ಯಾರೇದವ್ರನ್ನ ನೋಡ್ಕೊಂತೇವಿ ಅಂದ್ರು." ಅವಳು ಕಾಲಿನ ಪಟ್ಟಿಯನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. "ಈ ಕುರ್ಚಿಮ್ಯಾಲ ಕುಂತಾಗ ನಾ ಯಾರಿಗಿಂತಾ ಕಡಿಮಿಲ್ರಿ."

ಅಷ್ಟರಲ್ಲಿ ಅವಳ ಅಪ್ಪ ಶಿವಲಿಂಗಪ್ಪನವರು ಒಳಗೆ ಬಂದರು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುವ ಕೆಲಸದಿಂದ ನಿವೃತ್ತರಾದವರು. ಪ್ರತಿ ಸೋಮವಾರ ಮಠದ ದಾಸೋಹದಲ್ಲಿ ಬಡಿಸುವ ಸೇವೆ ಮಾಡುತ್ತಿದ್ದರಂತೆ. ಅವತ್ತೂ ಅಲ್ಲಿಂದಲೇ ಬಂದಿದ್ದರು, ತೋಳಿನ ಮೇಲೆ ಸಾರು ಸಿಡಿದಿತ್ತು. ನನಗೆ ಕೈ ಮುಗಿದು, ನೇರ ಕಂಪ್ಯೂಟರಿನ ಹತ್ತಿರ ಹೋಗಿ, "ಗಂಗವ್ವಾ, ಒಂಚೂರು ತಗೀಲಾ, ಎಷ್ಟ ಮಂದಿ ಅದಾರ ನೋಡೂಣು" ಎಂದರು.

"ಅಪ್ಪಾ, ಏನ ನೋಡ್ತಿ?"

"ನಿಂದ ಕೆಲಸ ಕೆಡೂದಿಲ್ಲ ತಗೀ." ಅವರು ತಾವೇ ಮೂಲೆಯಲ್ಲಿ ಎಲ್ಲೋ ಒತ್ತಿದರು. ಹಲ್ಲಿನ ಚಕ್ರ ಹಿಂದೆ ಸರಿದು ಒಂದು ಯಾದಿ ಬಂತು. ಸಾಲುಸಾಲಾಗಿ ಅಂಕಿ, ಪ್ರತಿ ಸಾಲಿನ ಮೊದಲಿಗೆ ಉಗುರಿನಷ್ಟು ಸಣ್ಣ ಬಾವುಟ. ಬೇರೆ ಬೇರೆ ದೇಶದ ಬಾವುಟಗಳು. ಪ್ರತಿಯೊಂದರ ಮುಂದೆ ಹಸಿರು ಪಟ್ಟಿ, ಕೆಲವು ತುಂಬಿದ್ದವು, ಕೆಲವು ಅರ್ಧ.

"ಇವ್ರೆಲ್ಲಾ ಯಾರ್ರಿ ಅಜ್ಜಾರ?" ಎಂದೆ.

"ಪಂಗ್ತಿಗೆ ಕುಂತವ್ರು" ಎಂದರು ಶಿವಲಿಂಗಪ್ಪನವರು. ಅವರ ಮುಖ ಅರಳಿತ್ತು. "ನಮ್ಮ ನಾಯಿ ಪಿಚ್ಚರ್ ಇಲ್ಲಿಂದ ತಗೊಳ್ಳಾಕತ್ತಾರ. ನೋಡ್ರಿ, ಈತಂದು ಎಲಿ ತುಂಬೇತಿ. ಈಕಿಗೆ ಅರ್ಧಾ ಮುಟ್ಟೇತಿ. ಇವ ಪಾಪ ಈಗರೆ ಬಂದು ಕುಂತಾನ. ಯಾವ್ಯಾವ ಊರವ್ರೋ! ಎಲ್ಲಾರೂ ಒಂದ ಸಾಲಿನ್ಯಾಗ."

"ಅಪ್ಪಾ!" ಗಂಗಾ ಕೂಗಿದಳು. "ಇದನ್ನ ಚಾಲೂ ಇಡತಿಯೇನು ದಿನಾ? ನೀ ನಾಯಿ ನೋಡ್ತಿ ಅಂದಕೊಂಡಿದ್ನಿ!"

"ನಾಯಿ ಒಂದ ಸಲ ನೋಡೇನಿ. ಆಮ್ಯಾಲ ಮಂದೀನ ನೋಡಾಕತ್ತೇನಿ."

"ಬಂದ್ ಮಾಡು ಅಂತ ಹೇಳಿದ್ನಿಲ್ಲೋ?"

"ನೀನ ಹೇಳಿದ್ದಿ, ನಾವು ತಗೊಂಡಿದ್ದೂ ಇಂಥಾವ್ರ ಕಡಿಂದನ ಅಂತ. ಹಿಡಿ ಹಿಡಿ ಎಲ್ಲಾರೂ ಕೊಟ್ರು ಅಂತ. ನಮ್ಮ ಹೊಟ್ಟಿ ತುಂಬಿದ ಕೂಡ್ಲೆ ಸೌಟು ಒಗದು ಹೋಗೂದ ಹ್ಯಾಂಗವಾ? ಪಂಗ್ತಿ ಏಳೂತನಕ ಬಡಸಾಂವ ಏಳಬಾರ್ದು. ಒಬ್ರು ಏಳೂದ್ರಾಗ ಮತ್ತೊಬ್ರು ಬಂದು ಕುಂದರ್ತಾರ. ನಾ ಏನ ಮಾಡ್ಲಿ?"

ರೇಖಾ, ಆಗ ನನಗೆ ಹೊಳೆಯಿತು: ನೋಟಿಸು ಬರುತ್ತಿದ್ದದ್ದು ಇಳಿಸಿದ್ದಕ್ಕಲ್ಲ, ಹಂಚಿದ್ದಕ್ಕೆ. ಅವರ ಮನೆಯ ಫೋನಿನಿಂದಲೇ ರಫೀಕನಿಗೆ ಹಚ್ಚಿ ಕೇಳಿದೆ. ಅವನು, "ಹೌದಲ್ಲ ಅಕ್ಕಾ!" ಎಂದ. ಸಿನಿಮಾ ಕಂಪನಿಯವರು ತಾವೂ ಆ ಸಾಲಿನಲ್ಲಿ ಎಲೆ ಹಾಕಿಕೊಂಡು ಕೂಡುತ್ತಾರೆ, ಬೇಕೆನ್ನುವವರ ಹಾಗೆ. ಆಮೇಲೆ ಬಡಿಸಿದವರು ಯಾರು ಎಂದು ಗುರುತು ಹಾಕಿಕೊಳ್ಳುತ್ತಾರೆ. ಬೆಳಗಾವಿಯಲ್ಲಿ ವಾರಕ್ಕೊಂದು ಇಳಿಸಿ ತಟ್ಟನೆ ಬಂದ್ ಮಾಡುವವರು ಅಪರೂಪಕ್ಕೆ ಅವರ ಕೈಗೆ ಸಿಗುತ್ತಿದ್ದರು. ಒಂದೇ ಒಂದು ತೆಗೆದುಕೊಂಡು ಊರಿಗೆಲ್ಲ ಬಡಿಸಲು ನಿಂತ ಈ ಮುದುಕರು ದಿನವೂ ಸಿಗುತ್ತಿದ್ದರು.

ನಾನು ತಿಳಿಸಿ ಹೇಳಿದೆ. ಗಂಗಾ ಅಳುತ್ತ ಹೇಳಿದಳು, "ನನ್ನ ನೌಕರಿ ಹೋಗತೈತಪ್ಪಾ." ಶಿವಲಿಂಗಪ್ಪನವರು ಮಗಳನ್ನು ನೋಡಿದರು, ಪರದೆಯನ್ನು ನೋಡಿದರು. ಅವರ ಸಂಕಟ ನನಗೆ ಕಾಣುತ್ತಿತ್ತು. "ಎಲಿ ಮುಂದ ಕುಂತವ್ರನ್ನ ಎಬ್ಬಸು ಅಂತೀಯೇನವಾ? ಇಷ್ಟ ವರ್ಷದಾಗ ಒಬ್ಬರನ್ನೂ ಎಬ್ಬಸಿಲ್ಲ ನಾ."

ಕಾಯಿದೆ, ಕಂಪನಿ, ಹುಬ್ಬಳ್ಳಿ, ಇದ್ಯಾವುದೂ ಅವರ ಮುಂದೆ ನಿಲ್ಲುವ ಮಾತಾಗಿರಲಿಲ್ಲ. ನನಗೋ ಹೆಚ್ಚು ಮಾತು ಬಾರದು. ತಲೆಯಲ್ಲಿ ಬಂದದ್ದನ್ನು ಕೇಳಿದೆ, ಅಷ್ಟೇ.

"ಅಜ್ಜಾರ, ಅಡಿಗಿ ಯಾರ್ದ್ರಿ?"

"ಅಂದ್ರ?"

"ಮಠದಾಗ ಅಕ್ಕಿ, ಬ್ಯಾಳಿ ಭಕ್ತರು ಕೊಟ್ಟದ್ದು. ಬಡಸ್ರಿ ಅಂತ ಕೊಟ್ಟದ್ದು. ಇದನ್ನ ಅಟ್ಟವ್ರು ಯಾರು? ಅವ್ರು ಬಡಸ್ರಿ ಅಂದಾರೇನು?"

ಅವರು ಬಹಳ ಹೊತ್ತು ಬಾವುಟಗಳನ್ನೇ ನೋಡಿದರು. "ಕೇಳಿಲ್ಲ" ಎಂದರು. "ಅವ್ರನ್ನ ಕೇಳಬೇಕಂತ ನನಗ ಹೊಳೀಲೇ ಇಲ್ಲ."

"ಬ್ಯಾಡ ಅಂತ ಹೇಳಾಕತ್ತಾರ್ರೀ." ಕೈಚೀಲದಿಂದ ಕಾಗದ ತೆಗೆದೆ. ಅವರು ಅದನ್ನು ಮುಟ್ಟಲಿಲ್ಲ. ಎದ್ದು ಹೋಗಿ ಹಿತ್ತಲಲ್ಲಿ ಕೈ ತೊಳೆದು ಬಂದರು. ಪರದೆಯ ಮುಂದೆ ನಿಂತು ಕೈ ಮುಗಿದು, ಆ ಬಾವುಟಗಳಿಗೆ, "ತಪ್ಪ ನಂದೈತ್ರೆಪಾ, ಏಳ್ರಿ" ಎಂದರು. ಗಂಗಾ ಒತ್ತಿದಳು. ಯಾದಿ ಹೋಗಿ ಹಲ್ಲಿನ ಚಕ್ರ ಮುಂದೆ ಬಂತು.

ಇಲ್ಲಿಗೆ ಮುಗಿಯಿತು ಎಂದುಕೊಂಡು ಬಂದೆ. ಆದರೆ ಅದೇ ವಾರ ಹುಬ್ಬಳ್ಳಿಯಿಂದ ಇನ್ನೊಂದು ನೋಟಿಸು ಬಂತು. ನಾನು ಹೋಗುವ ಮೊದಲೇ ಪರದೇಶದಲ್ಲಿ ಬರೆದದ್ದು, ದಾರಿಯಲ್ಲಿ ಎಲ್ಲೋ ಕೂತು ತಡವಾಗಿ ಬಂದಿತ್ತು. ಹುಬ್ಬಳ್ಳಿಯವರಿಗೆ ಅದೆಲ್ಲ ಬೇಕಿರಲಿಲ್ಲ. ಹೇಳಿದ್ದೆವಲ್ಲ, ಈಗ ಕಾಯಂ ಬಂದ್ ಮಾಡಿ, ಎಂದರು.

ಸಾವಂತ ಸಾಹೇಬರು ರಫೀಕನಿಗೆ ಹುಕುಂ ಕೊಡುತ್ತಾರೆ ಎಂದು ಕಾದೆ. ಅವರು ಫೋನಿನಲ್ಲಿ ಹುಬ್ಬಳ್ಳಿಯ ನಂಬರ್ ತಿರುಗಿಸಿ ನನ್ನ ಕೈಗೆ ಕೊಟ್ಟರು. "ನೀವ ನೋಡಿ ಬಂದೀರಿ. ನೀವ ಹೇಳ್ರಿ."

"ಯವ್ವಾ, ನನಗ ಆಗೂದಿಲ್ರಿ."

"ನಾ ಹೇಳಿದ್ರ ಧಂದೆಕ್ಕ ಹೇಳ್ತಾನ ಅಂತಾರ, ವಹಿನೀ."

ಆ ಕಡೆ ಯಾರೋ "ಹಲೋ" ಎಂದರು. ನಾನು ಮೊದಲ ದಿನದ ಹಾಗೆ ಕಿವಿಗೆ ಹಿಡಿದು ನಿಂತೆ. "ಹಲೋ, ಯಾರರೆ ಅದೀರೇನ್ರಿ?" ಎಂದರು ಹುಬ್ಬಳ್ಳಿಯ ಸಾಹೇಬರು.

"ಅದೀನ್ರಿ" ಎಂದೆ. ರಫೀಕ ಎದುರಿಗೆ ನಿಂತು, ಮುಂದೆ, ಮುಂದೆ ಎಂದು ಕೈ ಮಾಡುತ್ತಿದ್ದ. ಕಣ್ಣು ಮುಚ್ಚಿಕೊಂಡು ಹೇಳತೊಡಗಿದೆ. ಗಂಗಾಳ ಕುರ್ಚಿ, ಬಸ್ಸಿನ ಮೆಟ್ಟಿಲು, ಬಾವುಟಗಳು, ಪಂಗತಿ. ಎಲ್ಲಿ ನಿಲ್ಲಿಸಬೇಕೋ ತಿಳಿಯದೆ, ಅವರ ಅಂಗಳದ ಮಣ್ಣಿನ ಗುಡ್ಡೆಯವರೆಗೂ ಹೇಳಿದೆ.

"ಈಗ ಬಂದ್ ಮಾಡ್ಯಾರೇನು?" ಎಂದಿತು ಆ ಕಡೆಯ ದನಿ.

"ಮಾಡ್ಯಾರ್ರೀ. ನನ್ನ ಕಣ್ಣ ಮುಂದ."

"ಮತ್ತ ಚಾಲೂ ಮಾಡಿದ್ರ?"

"ಅಡಿಗಿ ತಮ್ಮದಲ್ಲ ಅಂತ ತಿಳದೈತ್ರಿ ಅವ್ರಿಗೆ. ಇನ್ನ ಬಡಸೂದಿಲ್ರಿ."

"ಇದನ್ನ ನಾ ಮ್ಯಾಲಿನವ್ರಿಗೆ ಹ್ಯಾಂಗ ಬರೀಲಿ?" ಎಂದರು. ನಗುತ್ತಿದ್ದರೋ ಸಿಟ್ಟಾಗಿದ್ದರೋ ತಿಳಿಯಲಿಲ್ಲ. "ಆತು. ಇದೊಂದು ಹಳೇದು ಅಂತ ಬಿಡ್ತೇನಿ. ಹೊಸಾದು ಬಂದ್ರ ಮತ್ತ ನನಗ ಫೋನ್ ಮಾಡಬ್ಯಾಡ್ರಿ."

ಮುಂದೆ ಎಷ್ಟೋ ದಿನ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದ ಕೂಡಲೇ ಸಾಹೇಬರು ಕೇಳುತ್ತಿದ್ದದ್ದು ಒಂದೇ ಮಾತು: "ಖಾನಾಪುರದ್ದು ಬಂತೇನು?" ಬರಲಿಲ್ಲ. ಗಂಗಾಳ ಲೈನು ಉಳಿಯಿತು.

ಅಲ್ಲಿಂದ ನಮ್ಮ ಕೆಲಸದ ಪದ್ಧತಿಯೇ ಬದಲಾಯಿತು. ನಾನು ಯಾವ ಮನೆಗೆ ಹೋದರೂ ಮೊದಲು, "ಪಿಚ್ಚರ್ ಇಳಿಸಿದ ಮ್ಯಾಲ ಹಂಚೂದನ್ನ ಬಂದ್ ಮಾಡ್ತೀರೇನ್ರಿ?" ಎಂದು ಕೇಳಬೇಕೆಂದು ಸಾಹೇಬರು ಹೇಳಿದರು. ಕೇಳಿದೆ, ಬಂದ್ ಮಾಡುವುದನ್ನು ಕಲಿಸಿದೆ. ಶಹಾಪುರ, ವಡಗಾವಿ, ಕೋಟೆಯ ಸುತ್ತ, ಎಲ್ಲ ಕಡೆ. ನೋಟಿಸುಗಳು ಕಡಿಮೆಯಾಗುತ್ತ ಬಂದು ನಿಂತೇ ಹೋದವು. ಹುಬ್ಬಳ್ಳಿಯವರು ಖುಷಿಯಾಗಿ ಸಾಹೇಬರಿಗೆ ಒಂದು ಗೋಡೆ ಗಡಿಯಾರ ಕಳಿಸಿದರು.

ಒಂದು ದಿನ ರಫೀಕ ತನ್ನ ಪರದೆ ತೋರಿಸಿ ಹೇಳಿದ: "ಅಕ್ಕಾ, ಮಜಾ ನೋಡು. ಮಂದಿ ಇಳಸೂದೇನೂ ಕಡಿಮಿ ಆಗಿಲ್ಲ. ಹಂಚೂದು ಅಷ್ಟ ನಿಂತೈತಿ."

ನಾನು ಆ ಪರದೆಯನ್ನು ಬಹಳ ಹೊತ್ತು ನೋಡಿದೆ. ಹಾಗಾದರೆ ನಾನು ಊರಿಗೆಲ್ಲ ಕಲಿಸಿದ್ದೇನು? ಉಂಡು ಬಾಗಿಲು ಹಾಕಿಕೊಳ್ಳುವುದನ್ನೇ? ತಗೊಳ್ಳುವುದು, ಕೊಡುವುದು ಎರಡನ್ನೂ ನಿಲ್ಲಿಸಿದವರು ಆ ಮುದುಕರೊಬ್ಬರೇ. ಅವರ ಹಾಗೆ "ಕೇಳಬೇಕಂತ ಹೊಳೀಲೇ ಇಲ್ಲ" ಎಂದವರು ನನಗೆ ಇನ್ನೊಬ್ಬರು ಸಿಗಲಿಲ್ಲ. ರೇಖಾ, ನಿಮ್ಮ ಕಾಲದಲ್ಲಿ ಪಂಗತಿಯೇ ಇಲ್ಲ ಎನ್ನುತ್ತೀ, ಸಿನಿಮಾ ಕಂಪನಿಯಿಂದಲೇ ಒಬ್ಬೊಬ್ಬರಿಗೂ ಬೇರೆ ಬೇರೆ ತಾಟು ನೇರ ಮನೆಗೇ ಬರುತ್ತದಂತೆ. ಆದರೂ ಅಟ್ಟವರಿಗೆ ಏನು ಮುಟ್ಟಿತು ಎಂದು ಕೇಳುವವರು ಇದ್ದಾರೆಯೇ? ನಿನ್ನ ಕೆಲಸದಲ್ಲಿ ಗೊತ್ತಾದರೆ ನನಗೂ ಹೇಳು.

ನಾನು ಕೆಲಸ ಬಿಡುವ ಮುಂಚಿನ ಮಳೆಗಾಲದಲ್ಲಿ ತವರಿಗೆ ಹೋಗುವಾಗ ಖಾನಾಪುರದಲ್ಲಿ ಇಳಿದು ಅವರ ಮನೆಗೆ ಹೋದೆ. ಗಂಗಾ ಅದೇ ಕುರ್ಚಿಯಲ್ಲಿದ್ದಳು. "ಬಾಯಾರ, ಕುಂದರ್ರಿ, ಚಾ ಇಡತೇನಿ" ಎಂದು ಕಾಲಿನ ಪಟ್ಟಿ ಕಟ್ಟಿಕೊಂಡು ಎದ್ದಳು. ಶಿವಲಿಂಗಪ್ಪನವರು ಪರದೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪರದೆಯ ಮೇಲೆ ಮತ್ತೆ ಆ ಯಾದಿ.

"ಅಜ್ಜಾರ!"

"ಹೆದರಬ್ಯಾಡವಾ" ಎಂದರು, ಕಣ್ಣು ತೆಗೆಯದೆ. "ಅಡಿಗಿ ನಮ್ಮ ಮನೀದು."

ಗಂಗಾ ಒಲೆಯ ಹತ್ತಿರದಿಂದ ಹೇಳಿದಳು. ಕಾರ್ಖಾನೆಯವರು ಬಿಡಿಭಾಗಗಳ ಚಿತ್ರ ತೆಗೆಯಲು ಕೊಟ್ಟ ಸಣ್ಣ ಕ್ಯಾಮೆರಾದಲ್ಲಿ ಅಪ್ಪ ಮಣ್ಣು ಹದ ಮಾಡುವುದನ್ನು ಹಿಡಿದು, ಪಿಚ್ಚರ್ ಮಾಡಿ ಹಂಚಲು ಇಟ್ಟಿದ್ದಳಂತೆ. ಯಾವ ಮಣ್ಣು, ಎಷ್ಟು ನೀರು, ಬೆರಳಲ್ಲಿ ಮಣ್ಣಿನ ಬತ್ತಿ ಹೊಸೆದು ಬಗ್ಗಿಸಿದರೆ ಎಲ್ಲಿ ಸೀಳಬೇಕು, ಎಲ್ಲಿ ಸೀಳಬಾರದು. ಇಡೀ ಹೊತ್ತು ಅವರು ಖಾನಾಪುರದ ಕನ್ನಡದಲ್ಲೇ ಮಾತಾಡಿದ್ದರು. "ತಿಂಗಳಾನುಗಟ್ಲೆ ಯಾರೂ ಬಂದಿರಲಿಲ್ರಿ. ಎಲಿ ಹಾಕಿ ಕಾದು ಕುಂತಂಗ ಕುಂತಿದ್ರು. ಇವತ್ತ ಒಬ್ರು ಬಂದಾರ."

ಯಾದಿಯಲ್ಲಿ ಒಂದೇ ಸಾಲು. ಬಿಳಿ ಬಟ್ಟೆಯ ನಡುವೆ ಕೆಂಪು ಗುಂಡು ಇದ್ದ ಬಾವುಟ. ಹಸಿರು ಪಟ್ಟಿ ಅರ್ಧ ದಾಟಿತ್ತು.

ನಾನು ಕಿಟಕಿಯಾಚೆ ನೋಡಿದೆ. ಜಾಂಬೋಟಿ ಕಡೆ ಮೋಡ ಕಪ್ಪಾಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಗಾಳಿಯಲ್ಲಿಯ ಲೈನು ಹೋಗುವುದು ಖಾತ್ರಿ. ಹೇಳಲಿಲ್ಲ. ಅವರ ಬಾಜು ಕೂತೆ. ಗಂಗಾ ಚಹಾ ತಂದಳು. ಶಿವಲಿಂಗಪ್ಪನವರು ಕಪ್ಪು ಮುಟ್ಟಲಿಲ್ಲ. ಬಡಿಸುವವರು ಪಂಗತಿಗಿಂತ ಮೊದಲು ಉಣ್ಣುವುದಿಲ್ಲವಲ್ಲ. ನನ್ನ ಕೈಯೂ ಕಪ್ಪಿನ ಕಡೆ ಹೋಗಲಿಲ್ಲ. ಕಿಟಕಿಯ ಹೊರಗೆ ಮೋಡ, ಒಳಗೆ ಹಸಿರು ಪಟ್ಟಿ. ಎರಡೂ ಮೆಲ್ಲಗೆ ಮುಂದೆ ಬರುತ್ತಿದ್ದವು. ಮೊದಲ ಹನಿ ಹಂಚಿನ ಮೇಲೆ ಬಿದ್ದಾಗ ಪಟ್ಟಿ ಒಂದು ಕ್ಷಣ ನಿಂತಿತು. ಮತ್ತೆ ಸರಿಯಿತು.

ಮಳೆ ಅಂಗಳದ ಮಣ್ಣಿನ ಮೇಲೆ ಧೋ ಎಂದು ಬಿದ್ದಾಗ ಪಟ್ಟಿ ಅಂಚಿನಿಂದ ಅಂಚಿಗೆ ತುಂಬಿತ್ತು. ಆ ಬಾವುಟ ಸ್ವಲ್ಪ ಹೊತ್ತು ಹಾಗೇ ಇದ್ದು, ಯಾದಿಯಿಂದ ಹೋಯಿತು.

ಶಿವಲಿಂಗಪ್ಪನವರು ಖಾಲಿ ಪರದೆಗೆ ಕೈ ಮುಗಿದರು. "ಉಂಡ್ರು" ಎಂದರು. ಆಮೇಲೆ ಆರಿ ಕೆನೆಗಟ್ಟಿದ ಕಪ್ಪನ್ನು ನನ್ನ ಕಡೆ ಸರಿಸಿ, "ತಗೋಳವಾ, ಈಗ ನಮ್ಮ ಪಾಳಿ" ಎಂದರು.